ಹಳೇ ಕಂಪ್ಯೂಟರಿಗೆ ಹೆಪ್ಪು

ಒಂಟಿಕೊಪ್ಪಲಿನ ಆ ಮನೆಗೆ ಮೊದಲ ಸಲ ಬಂದವರು ಹಾಲ್‌ನಲ್ಲಿ ಕೂತು ಕಾಫಿ ಕುಡಿಯುತ್ತ, ಕಿಟಕಿಯ ಪಕ್ಕದ ಮೂಲೆಯಲ್ಲಿರುವ ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆಯನ್ನು ನೋಡಿ, ಈ ಗಿಡ್ಡ ಬೀರುವಿಗೆ ಹಿಡಿಯೇ ಇಲ್ಲವಲ್ಲ, ಬಾಗಿಲು ಹೇಗೆ ತೆಗೆಯುತ್ತೀರಿ ಎಂದು ಕೇಳುವುದು ವಾಡಿಕೆ. ಅದು ಬೀರು ಅಲ್ಲ, ಕಂಪ್ಯೂಟರು ಎಂದು ರವಿಚಂದ್ರ ಹೇಳುತ್ತಾನೆ. ಬಂದವರು ಅದನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಉಳಿದ ಕಾಫಿಯನ್ನು ಸ್ವಲ್ಪ ಬೇಗನೇ ಕುಡಿದು ಮುಗಿಸುತ್ತಾರೆ. ಕ್ರಮೇಣ ಮನೆಯವರೂ ಅದನ್ನು ಬೀರು ಎಂದೇ ಕರೆಯತೊಡಗಿದರು. ರವಿಚಂದ್ರನೂ ಕರೆಯತೊಡಗಿದ. ಊರೆಲ್ಲ ಒಂದು ಹೆಸರು ಇಟ್ಟಮೇಲೆ ಹೆತ್ತಪ್ಪನೂ ಅದೇ ಹೆಸರಿನಿಂದ ಕೂಗಬೇಕಾಗುತ್ತದೆ.

ಸೊಂಟದೆತ್ತರದ ಆ ಬೀರು ಒಂದು ಕಾಲದಲ್ಲಿ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಹಾರಾಜನಂತೆ ಬಾಳಿತ್ತು. ಇಡೀ ಕಾರ್ಖಾನೆಗೆಲ್ಲ ಏಸಿ ಇದ್ದದ್ದು ಅದರ ಕೋಣೆಗೆ ಮಾತ್ರ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಬೇಸಿಗೆಯಲ್ಲಿ ದೊಡ್ಡ ಸಾಹೇಬರಿಂದ ಹಿಡಿದು ಕ್ಯಾಂಟೀನಿನ ಮೇಸ್ತ್ರಿಯವರೆಗೆ ಎಲ್ಲರಿಗೂ ಕಂಪ್ಯೂಟರಿನ ಬಗ್ಗೆ ಏಕಾಏಕಿ ಆಸಕ್ತಿ ಹುಟ್ಟುತ್ತಿತ್ತು. ಪಾಲಿಟೆಕ್ನಿಕ್ ಮುಗಿಸಿ ಆಗತಾನೆ ಮೀಸೆ ಕತ್ತರಿಸುವುದನ್ನು ಕಲಿತಿದ್ದ ರವಿಚಂದ್ರ ಅದರ ಆಪರೇಟರು. ಅವನ ಅಪ್ಪ ಜವರಯ್ಯ ಇಲವಾಲದಲ್ಲಿ ಬಿಸಿಲಲ್ಲಿ ನಿಂತು ಹೊಲ ಗೇಯುತ್ತಿದ್ದಾಗ ಮಗ ಸ್ವೆಟರು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಆ ಸ್ವೆಟರನ್ನು ನೋಡಿಯೇ ಧರಣಿಯ ತಂದೆ ಹೆಣ್ಣು ಕೊಟ್ಟದ್ದು ಎಂದು ಬೀಗರ ಕಡೆ ಇಂದಿಗೂ ಒಂದು ಮಾತಿದೆ.

ಮುಂದೆ ಕಾರ್ಖಾನೆ ಮುಚ್ಚಿತು. ಸಾಮಾನುಗಳನ್ನು ತೂಕದ ಲೆಕ್ಕದಲ್ಲಿ ಹರಾಜು ಹಾಕಿದಾಗ, ಉಳಿದವರು ಕುರ್ಚಿ, ಫ್ಯಾನು ತಂದುಕೊಂಡರೆ ರವಿಚಂದ್ರ ಗೂಡ್ಸ್ ಆಟೋದಲ್ಲಿ ಬೀರುವನ್ನು ತಂದ. ಅದರ ಜೊತೆ ಹಸಿರು ಅಕ್ಷರ ಮೂಡಿಸುವ ಒಂದು ಪರದೆಯೂ ಬಂತು. ಆಮೇಲೆ ಅವನು ಒಂದು ಕಂಪ್ಯೂಟರು ತರಬೇತಿ ಕೇಂದ್ರದಲ್ಲಿ ಪಾಠ ಹೇಳಿದ; ಅದೂ ಮುಚ್ಚಿತು. ಯುಪಿಎಸ್ ರಿಪೇರಿ ಮಾಡಿದ. ಕರೆಂಟು ಹೋಗುವುದು ಕಡಿಮೆಯಾಯಿತು. ತಾನು ಕಾಲಿಟ್ಟ ಕಡೆಯೆಲ್ಲ ಏನಾದರೊಂದು ಸುಧಾರಿಸಿಬಿಡುತ್ತದೆ ಎಂದು ಅವನೇ ನಗುತ್ತಾನೆ. ಈಗ ಅರವತ್ತು ಸಮೀಪಿಸುತ್ತಿದೆ. ಮದುವೆಮನೆಗಳಲ್ಲಿ ಯಾರಾದರೂ 'ಈಗ ಏನು ಮಾಡ್ಕೊಂಡಿದೀರಿ' ಎಂದು ಕೇಳಿದರೆ, ಹುಳಿಯನ್ನದ ಸಾಲು ಎಲ್ಲಿದೆ ಎಂದು ಹುಡುಕುವವನಂತೆ ಅತ್ತ ನೋಡುತ್ತಾ 'ಹೀಗೇ' ಅನ್ನುತ್ತಾನೆ. ಧರಣಿ ಬ್ಲೌಸು ಹೊಲಿಯುತ್ತಾಳೆ, ಮನೆ ನಡೆಯುತ್ತದೆ.

ಈ ವರ್ಷ ದಸರಾಕ್ಕೆ ಮುಂಚೆ ಅವ್ವ ಬಂದಳು. ಬೆಟ್ಟಮ್ಮನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಇಲವಾಲದ ಮನೆಯ ಎತ್ತರದ ಹೊಸ್ತಿಲು ದಾಟುವುದಕ್ಕೆ ಆಗದೆ ಕಿರಿಮಗನ ಮನೆಗೆ ಬಂದಿದ್ದಳು. ಒಳಗಿನ ಕೋಣೆಯಲ್ಲಿ ಮಂಚ ಹಾಕಿಕೊಟ್ಟರು. ಅವ್ವ ಒಂದೆರಡು ದಿನ ಅಲ್ಲಿ ಮಲಗಿ ನೋಡಿದಳು. ಅಲ್ಲಿ ಕತ್ತಲು, ಗೋಡೆ ಬಿಟ್ಟರೆ ನೋಡಲು ಏನೂ ಇಲ್ಲ, ಹೀಗೇ ಮಲಗಿದ್ದರೆ ಜನ ಮಾತಾಡಿಸುವುದಕ್ಕೆ ಬದಲು ಹೂವಿನ ಹಾರ ತರುತ್ತಾರೆ ಅಂದಳು. ಹಾಲ್‌ನ ಕಿಟಕಿಯ ಮೂಲೆ ಅವಳ ಮನಸ್ಸಿಗೆ ಬಂತು. ಅಲ್ಲಿಂದ ರಸ್ತೆ ಕಾಣುತ್ತದೆ, ಸೊಪ್ಪಿನವಳು ಕಾಣುತ್ತಾಳೆ, ಪಕ್ಕದ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ ಎನ್ನುವುದು ಕಾಣುತ್ತದೆ. ಆ ಮೂಲೆಯಲ್ಲಿ ಬೀರು ಇತ್ತು.

"ಅದೇನ್ಲಾ ಗೇಯ್ತದೆ?" ಎಂದು ಅವ್ವ ಕೇಳಿದಳು.

ಸದ್ಯಕ್ಕೆ ಏನೂ ಇಲ್ಲ ಎಂದು ರವಿಚಂದ್ರ ಒಪ್ಪಿಕೊಂಡ.

"ಮತ್ತೆ ವರ್ಸೊರ್ಸವೂ ಆಯುದ ಪೂಜೆಗೆ ಊವ ಮುಡಿಸ್ತೀಯಂತೆ. ಗೇಯ್ದೆ ಇರೋದ್ಕೆ ಊವ ಯಾಕ್ಲಾ? ಅದೇನು ಮದ್ವಣಗಿತ್ತಿಯಾ?"

ಇದು ಬಾಯಿಮಾತಲ್ಲ, ಅವರ ಮನೆಯ ಶಾಸನ. ಆಯುಧ ಪೂಜೆಗೆ ಮುಂಚೆ ಮನೆಯ ಕುಡುಗೋಲು, ಗುದ್ದಲಿ, ಮಚ್ಚು, ಎಲ್ಲವನ್ನೂ ಅಂಗಳಕ್ಕೆ ತಂದು ತೊಳೆದು, ಆ ವರ್ಷ ಗೇಯ್ದದ್ದನ್ನು ಮಾತ್ರ ಸಾಲಾಗಿ ಇಟ್ಟು ಹೂವು ಏರಿಸಬೇಕು. ಗೇಯದ್ದು ಹಬ್ಬಕ್ಕೆ ಮುಂಚೆಯೇ ಮನೆಯಿಂದ ಹೋಗಬೇಕು. ಸುಮ್ಮನೆ ಕೂತಿದ್ದಕ್ಕೆ ಪೂಜೆ ಮಾಡಿದರೆ ಗೇಯ್ದ ಆಯುಧಗಳಿಗೆ ಅವಮಾನ ಎನ್ನುವುದು ಅವ್ವನ ತರ್ಕ. ಇದರಲ್ಲಿ ಅವಳು ಗಂಡನ ಮುಖವನ್ನೂ ನೋಡಿದವಳಲ್ಲ. ಊರಿಗೆ ಟ್ರ್ಯಾಕ್ಟರು ಬಂದ ವರ್ಷ ಜವರಯ್ಯ ತನ್ನ ಮರದ ನೇಗಿಲನ್ನು ತೊಳೆದು ತಂದು ಸಾಲಿನಲ್ಲಿಟ್ಟಾಗ, ಬೆಟ್ಟಮ್ಮ ಅದನ್ನು ಎತ್ತಿಕೊಂಡು ಹೋಗಿ ಕೊಡಲಿಯಲ್ಲಿ ಸೀಳಿ ನೀರೊಲೆಗೆ ಹಾಕಿದ್ದಳು. ಆ ಬಿಸಿನೀರಿನಲ್ಲೇ ಎಲ್ಲರಿಗೂ ಹಬ್ಬದ ಎಣ್ಣೆಸ್ನಾನವಾಗಿತ್ತು. ಆಗ ರವಿಚಂದ್ರ ಹುಡುಗ. ನೀರು ಚೆನ್ನಾಗಿ ಕಾದಿತ್ತೆಂದು ಅವನಿಗೆ ನೆನಪಿದೆ. ಅಪ್ಪ ಸ್ನಾನ ಮಾಡದೆ ಹೊಲದ ಕಡೆ ಹೋದದ್ದೂ ನೆನಪಿದೆ.

ಹೀಗಾಗಿ ತೀರ್ಮಾನವಾಯಿತು. ಆಯುಧ ಪೂಜೆಯ ಹಿಂದಿನ ದಿನದೊಳಗೆ ಬೀರು ಗೇಯಬೇಕು. ಇಲ್ಲವಾದರೆ ಗುಜರಿಯವನು ಬಂದು ಒಯ್ಯುತ್ತಾನೆ, ಮೂಲೆಗೆ ಮಂಚ ಬರುತ್ತದೆ. ಗುಜರಿಯವನಿಗೆ ಅವ್ವನೇ ಕಿಟಕಿಯಿಂದ ಕೂಗಿ ಹೇಳಿ, ಬರುವ ದಿನವನ್ನೂ ಗೊತ್ತುಮಾಡಿದ್ದಳು.

ರವಿಚಂದ್ರ ಅವ್ವನ ಮೇಲೆ ಸಿಟ್ಟಾಗಲಿಲ್ಲ. ಅವಳಿಗೆ ಮೂಲೆ ಬೇಕು, ಅದರಲ್ಲಿ ಅನ್ಯಾಯವೇನಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ, ಗೇಯದೆ ಮನೆಯಲ್ಲಿ ಕೂತದ್ದು ಬೀರು ಒಂದೇ ಅಲ್ಲ ಎಂಬ ಯೋಚನೆ ಬಂದು, ಎರಡನೇ ಮುದ್ದೆ ಬೇಡವೆಂದ. ಧರಣಿ ಬಡಿಸಿಯೇಬಿಟ್ಟಳು. ತಿಂದ.

ಬೀರುವಿನ ಕಾಯಿಲೆ ಏನೆಂದರೆ, ಅದಕ್ಕೆ ಜೀವ ಇತ್ತು, ಹೋಗಿಬರುವ ಬಾಗಿಲು ಇರಲಿಲ್ಲ. ಸ್ವಿಚ್ಚು ಹಾಕಿದರೆ ಗುಂಯ್‌ಗುಡುತ್ತ ಏಳುತ್ತಿತ್ತು, ಹಸಿರು ಅಕ್ಷರ ತೋರಿಸುತ್ತಿತ್ತು. ಆದರೆ ಹೊರಗಿನಿಂದ ಒಂದು ಫೈಲು ಒಳಗೆ ಹಾಕುವ ದಾರಿ ಇರಲಿಲ್ಲ, ಒಳಗಿನದನ್ನು ಹೊರಗೆ ತೆಗೆಯುವ ದಾರಿಯೂ ಇರಲಿಲ್ಲ. ಅದರ ಟೇಪು ಓದುವ ಭಾಗದ ರಬ್ಬರು ಎಂದೋ ಕರಗಿ ಬೆಲ್ಲದ ಪಾಕವಾಗಿತ್ತು. ಹಿಂಬದಿಯಲ್ಲಿ ಸಾಲಾಗಿ ಕಡ್ಡಿಗಳಿರುವ ಒಂದು ಸಾಕೆಟ್ಟು ಮಾತ್ರ ನೆಟ್ಟಗಿತ್ತು. ಅದಕ್ಕೆ ಕೇಬಲ್ಲು ಸಿಕ್ಕಿಸಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಬಹುದು. ಜೋಡಿಸಿದರೆ ಸಾಲದು, ಎರಡೂ ಕಡೆ ಫೈಲು ಕಳಿಸುವ, ಪಡೆಯುವ ಪ್ರೋಗ್ರಾಮು ಇರಬೇಕು. ಅಂಥದ್ದೊಂದು ಹಳೆಯ, ಒಳ್ಳೆಯ ಪ್ರೋಗ್ರಾಮು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಬರುವುದು ಬರೀ ಬರಹದ ರೂಪದಲ್ಲಿ. ಅದನ್ನು ಬೀರುವಿನ ಒಳಗೇ ಕಂಪೈಲ್ ಮಾಡಬೇಕು, ಅಂದರೆ ಮನುಷ್ಯ ಓದುವ ಬರಹವನ್ನು ಬೀರು ತಾನು ಓದುವಂತೆ ಅರೆದುಕೊಳ್ಳಬೇಕು. ಸರಿ, ಆ ಬರಹವನ್ನು ಬೀರುವಿನೊಳಗೆ ಹಾಕುವುದು ಹೇಗೆ? ಫೈಲು ಪಡೆಯುವ ಪ್ರೋಗ್ರಾಮು ಇದ್ದರೆ ಹಾಕಬಹುದು. ಆ ಪ್ರೋಗ್ರಾಮು ತರಬೇಕಾದರೆ ಆ ಪ್ರೋಗ್ರಾಮೇ ಬೇಕು.

ಇದನ್ನು ಅವನು ಅವ್ವನಿಗೆ ವಿವರಿಸಲು ಹೋದ. ಅವ್ವ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡಳು.

"ಎಪ್ಪು ಇಲ್ದೆ ಮೊಸ್ರು ಮಾಡೋ ಅಂಗೆ," ಅಂದಳು.

ತರಬೇತಿ ಕೇಂದ್ರದಲ್ಲಿ ಇದೇ ವಿಷಯವನ್ನು ಅವನು ಬೋರ್ಡಿನ ಮೇಲೆ ಬಾಣ, ಚೌಕ ಬರೆದು ಒಂದು ಪೀರಿಯಡ್ಡು ಪೂರ್ತಿ ಹೇಳುತ್ತಿದ್ದ, ಹುಡುಗರು ಆಕಳಿಸುತ್ತಿದ್ದರು. ಹೆಪ್ಪು ಎಂದುಕೊಂಡ ಮೇಲೆ ಮುಂದಿನ ದಾರಿಯೂ ಸುಲಭವಾಗಿ ಕಂಡಿತು. ಮನೆಯಲ್ಲಿ ಹೆಪ್ಪಿಲ್ಲದಿದ್ದರೆ ಒಂದು ಚಮಚ ಎಲ್ಲಿಂದಾದರೂ ಹುಟ್ಟಿಸಿಕೊಳ್ಳಬೇಕು. ಫೈಲು ಪಡೆಯುವ ಕೆಲಸವನ್ನಷ್ಟೇ ಮಾಡುವ ಪುಟ್ಟ ಪ್ರೋಗ್ರಾಮೊಂದನ್ನು ಬೀರುವಿನ ಕೀಲಿಮಣೆಯಲ್ಲೇ ಕೈಯಾರೆ ಟೈಪು ಮಾಡಿ ಕಂಪೈಲ್ ಮಾಡಿಕೊಂಡರೆ, ಆ ಚಮಚದಿಂದ ದೊಡ್ಡದನ್ನು ಒಳಗೆ ತರಬಹುದು. ಒಂದು ಬೆಳಗ್ಗೆ ಕೂತು ಟೈಪು ಮಾಡಿದ. ತಪ್ಪು ತಿದ್ದಿದ. ಬೀರು ಮುನಿಸಿಕೊಂಡಿತು, ಮತ್ತೆ ತಿದ್ದಿದ. ಕೊನೆಗೆ ಏನೂ ಹೇಳದೆ ಸುಮ್ಮನಾಯಿತು. ಆ ಕಾಲದ ಕಂಪ್ಯೂಟರುಗಳು ಅವನ ಅಪ್ಪನ ಥರ, ಮಾತಾಡಲಿಲ್ಲವೆಂದರೆ ಒಪ್ಪಿಗೆ ಎಂದರ್ಥ.

ಇನ್ನು ಕಳಿಸುವ ಕಡೆಗೊಂದು ಕಂಪ್ಯೂಟರು ಬೇಕು. ರವಿಚಂದ್ರನ ಲ್ಯಾಪ್‌ಟಾಪಿಗೆ ಹಳೇ ಸಾಕೆಟ್ಟು ಇಲ್ಲ. ನಡುವೆ ಹಾಕಲು ತರಿಸಿದ್ದ ಅಡಾಪ್ಟರು ಮೊದಲ ದಿನವೇ ಬಿಸಿಯಾಗಿ ಕಣ್ಣುಮುಚ್ಚಿತು. ಆಗ ಪಕ್ಕದ ಮನೆಯ ಏಕಾಂತಯ್ಯನವರ ನೆನಪಾಯಿತು.

ಏಕಾಂತಯ್ಯನವರು ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದವರು. ಸುತ್ತೂರು ಕಡೆಯವರು, ಸಮಾಧಾನಿ. ಮಗಳು ನಿಶ್ಚಿತಾ ಕಾಲೇಜಿನಲ್ಲಿದ್ದಾಗ ಕೊಂಡ ಕಂಪ್ಯೂಟರನ್ನು ಅವರು ಇವತ್ತಿಗೂ ಮಖಮಲ್ಲಿನ ಹೊದಿಕೆ ಹೊದಿಸಿ ಇಟ್ಟಿದ್ದಾರೆ. ಮಗಳು ಈಗ ಬೋಗಾದಿಯಲ್ಲಿ ಹೋಮಿಯೋಪತಿ ಡಾಕ್ಟರು; ಆ ಕಂಪ್ಯೂಟರನ್ನು ಏನು ಮಾಡುತ್ತೀಯಪ್ಪ ಎಂದು ಅವಳು ಕೇಳಿದಾಗಲೆಲ್ಲ ಅವರು ಹೊದಿಕೆಯನ್ನು ಒಗೆಯಲು ಹಾಕುತ್ತಾರೆ. ಅದರಲ್ಲಿ ಫ್ಲಾಪಿ ಹಾಕುವ ಬಾಯಿ ಇತ್ತು, ಹಿಂದೆ ಬೇಕಾದ ಸಾಕೆಟ್ಟೂ ಇತ್ತು. ಲ್ಯಾಪ್‌ಟಾಪಿನಿಂದ ದೊಡ್ಡ ಪ್ರೋಗ್ರಾಮಿನ ಬರಹವನ್ನು, ಹೊರಗಿನಿಂದ ಸಿಕ್ಕಿಸುವ ಫ್ಲಾಪಿ ಡ್ರೈವಿನ ಮೂಲಕ, ಫ್ಲಾಪಿಗೆ ತುಂಬಿಕೊಂಡು ಹೋದರೆ ಆಯಿತು. ಆದರೆ ಕಂಪ್ಯೂಟರನ್ನು ಒಂದು ದಿನದ ಮಟ್ಟಿಗೆ ತನ್ನ ಮನೆಗೆ ಕೊಡಿ ಎಂದಾಗ ಏಕಾಂತಯ್ಯನವರು ತಲೆಯಾಡಿಸಿದರು.

"ಅದನ್ನ ಎತ್ತಿದ್ರೆ ಆಮೇಲೆ ನನ್ನನ್ನ ನಾಲ್ಕು ಜನ ಎತ್ತಬೇಕಾಗುತ್ತೆ ರವಿಚಂದ್ರ. ನಿಮ್ಮ ವೈರನ್ನೇ ಈ ಕಡೆ ಎಳ್ಕೊಂಡ್ಬನ್ನಿ."

ಹಾಗೆ ರವಿಚಂದ್ರನ ಕಿಟಕಿಯಿಂದ ಹೊರಟ ಕೇಬಲ್ಲು ಕಾಂಪೌಂಡಿನ ಗೋಡೆ ಹತ್ತಿ, ಏಕಾಂತಯ್ಯನವರ ಹೆಂಡತಿ ಪ್ರೇಮಲೀಲಮ್ಮನವರ ಕನಕಾಂಬರದ ಗಿಡಗಳ ಮೇಲೆ ಹಾದು, ಬಟ್ಟೆ ಒಣಗಿಸುವ ತಂತಿಯ ಜೊತೆ ಸ್ವಲ್ಪ ದೂರ ನಡೆದು, ಏಕಾಂತಯ್ಯನವರ ಕಿಟಕಿ ಹೊಕ್ಕಿತು. ಒಬ್ಬರು ಆ ಕಿಟಕಿಯಲ್ಲಿ, ಒಬ್ಬರು ಈ ಕಿಟಕಿಯಲ್ಲಿ. ಕಳಿಸಿದೆ ಎಂದು ಅವರು ಕೂಗುವುದು, ಬಂತು ಎಂದು ಇವನು ಕೂಗುವುದು. ಅವ್ವ ಕುರ್ಚಿ ಹಾಕಿಸಿಕೊಂಡು ನಡುವೆ ಕೂತಳು. ಹೀಗೆ ಕೂಗಿ ಹೇಳುವುದಾದರೆ ವೈರು ಯಾಕೆ ಎಂದು ಅವಳು ಕೇಳಿದಳು.

ಬಂದದ್ದೇನೋ ಬಂತು, ಆದರೆ ಕಸ. ನಾಲ್ಕು ಅಕ್ಷರ ಸರಿಯಾಗಿ ಬಂದರೆ ಐದನೆಯದು ಎಲ್ಲಿಂದಲೋ ಬಂದ ಚಿಹ್ನೆ. ವೇಗ ಕಡಿಮೆ ಮಾಡಿದರು. ಕಸ ನಿಧಾನವಾಗಿ ಬಂತು. ಕೇಬಲ್ಲು ಬದಲಿಸಿದರು. ತನ್ನ ಹೆಪ್ಪಿನಲ್ಲೇ ಹುಳಿ ಇದೆಯೇನೋ ಎಂದು ರವಿಚಂದ್ರ ಆ ಪುಟ್ಟ ಪ್ರೋಗ್ರಾಮನ್ನು ಅಕ್ಷರ ಅಕ್ಷರವಾಗಿ ಓದಿದ. ಹಬ್ಬ ಹತ್ತಿರ ಬಂತು. ರಸ್ತೆಯಲ್ಲಿ ಬೂದುಗುಂಬಳದ ರಾಶಿಗಳು ಬಿದ್ದವು. ಕೊನೆಗೆ ಒಂದು ಮಧ್ಯಾಹ್ನ ಅವನು ಏಕಾಂತಯ್ಯನವರ ಮನೆಗೇ ಹೋಗಿ, ಕಂಪ್ಯೂಟರನ್ನು ಮೆಲ್ಲಗೆ ತಿರುಗಿಸಿ ಬೆನ್ನು ನೋಡಿದ.

ಬೆನ್ನಿನ ಮೇಲೆ ಅಗಲವಾದ ಮೂರು ಪಟ್ಟೆ ವಿಭೂತಿ. ಅದರ ಕೆಳಗೆ ಹಿಂದಿನ ವರ್ಷದ್ದು, ಅದರ ಕೆಳಗೆ ಅದರ ಹಿಂದಿನ ವರ್ಷದ್ದು. ಸರಿಯಾಗಿ ಸಾಕೆಟ್ಟಿನ ಮೇಲೆ. ಕಡ್ಡಿಗಳ ನಡುವೆ ನೀರಿನಲ್ಲಿ ಕಲಸಿದ ವಿಭೂತಿ ಗಾರೆಯ ಹಾಗೆ ಕೂತಿತ್ತು.

ಪ್ರೇಮಲೀಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಆಯುಧ ಪೂಜೆಗೆ ಹಚ್ಚುವುದು ತಾವೇ ಎಂದರು. ಮುಂದೆ ಹಚ್ಚಿದರೆ ಗಾಜು ಕೊಳೆಯಾಗುತ್ತದೆ ಎಂದು ಯಜಮಾನರೇ ಜಾಗ ತೋರಿಸಿದ್ದರಂತೆ. ರವಿಚಂದ್ರ ಯಜಮಾನರ ಕಡೆ ನೋಡಿದ.

"ಗಾಜು ಕಣ್ಣು, ಅಲ್ವೇನ್ರೀ," ಎಂದರು ಏಕಾಂತಯ್ಯನವರು, ಸ್ವಲ್ಪ ಯೋಚಿಸಿ. "ಹಣೆ ಎಲ್ಲಿದೆ ಅಂತ ನಾನೂ ಬಹಳ ಹುಡುಕ್ದೆ. ಒಳಗೆ ಹೋಗೋದು, ಹೊರಗೆ ಬರೋದು ಎಲ್ಲಾ ಈ ಕಡೆಯಿಂದ ಅಂತ ಮಾರಿದವನು ಹೇಳಿದ್ದ. ಹಾಗಾದ್ರೆ ಮುಖ ಇದೇ ಅಂತ ತೀರ್ಮಾನ ಮಾಡ್ದೆ."

ತರ್ಕದಲ್ಲಿ ತಪ್ಪು ಹುಡುಕಲು ರವಿಚಂದ್ರನಿಗೆ ಆಗಲಿಲ್ಲ. ಮನೆಗೆ ಬಂದು ತನ್ನ ಬೀರುವಿನ ಹಿಂಬದಿ ನೋಡಿದಾಗ ಅಲ್ಲಿ ಕುಂಕುಮ ಇತ್ತು, ನಿಂಬೆಹಣ್ಣಿನ ಬೀಜವೂ ಒಂದಿತ್ತು. ಆ ಪೂಜೆ ಮಾಡಿದವನು ಅವನೇ. ಬೇರೆಯವರ ಮನೆಯ ತಪ್ಪನ್ನು ಮನಸ್ಸಿನಲ್ಲೇ ಅಚ್ಚುಕಟ್ಟಾಗಿ ಬೈದುಕೊಂಡು ಬಂದಮೇಲೆ ಇಂಥದು ಕಣ್ಣಿಗೆ ಬೀಳಬಾರದು. ಹಳೇ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ಟು ತೆಗೆದುಕೊಂಡು ಎರಡೂ ಮನೆಯಲ್ಲಿ ಕೂತು ತಿಕ್ಕಿದರು. ವಿಭೂತಿಯನ್ನು ಕಸದ ಬುಟ್ಟಿಗೆ ಹಾಕುವುದು ಹೇಗೆಂದು ಪ್ರೇಮಲೀಲಮ್ಮ ಅದನ್ನು ಕಾಗದದಲ್ಲಿ ಹಿಡಿದು ತುಳಸಿಗಿಡದ ಬುಡಕ್ಕೆ ಹಾಕಿದರು.

ಆಮೇಲೆ ಅಕ್ಷರಗಳು ಒಂದರ ಹಿಂದೊಂದು, ಶಾಲೆ ಬಿಟ್ಟ ಮಕ್ಕಳು ಸಾಲಿನಲ್ಲಿ ಬರುವಂತೆ ಬಂದವು. ಪ್ರೋಗ್ರಾಮಿನ ಮುಕ್ಕಾಲು ಭಾಗ ಬಂದಾಗ ಬೀರು ನಿಂತಿತು. ಜಾಗವಿಲ್ಲ ಎಂದಿತು.

ಬೀರುವಿನ ಹೊಟ್ಟೆಯಲ್ಲಿ ಏನಿದೆ ಎಂದು ತೆಗೆದು ನೋಡಿದರೆ ಕಾರ್ಖಾನೆಯ ಸುತ್ತೋಲೆಗಳು. ಎಲ್ಲವನ್ನೂ ಒಂದು ಕಾಲದಲ್ಲಿ ಟೈಪು ಮಾಡಿದವನು ಅವನೇ. ಒಂದೇ ಏಟಿಗೆ ಅಳಿಸುವ ಆಜ್ಞೆ ಅವನಿಗೆ ಗೊತ್ತಿತ್ತು. ಆದರೆ ಹಳೇ ಪೇಪರು ಕಟ್ಟಲು ಕೂತವನು ಪೇಪರು ಓದುವಂತೆ ಒಂದೊಂದನ್ನೇ ತೆರೆದು ಓದಿ ಅಳಿಸತೊಡಗಿದ. ಕ್ಯಾಂಟೀನಿನಲ್ಲಿ ಎರಡನೇ ಸಲ ಚಟ್ನಿ ಕೇಳುವವರ ಬಗ್ಗೆ ಆಡಳಿತ ವರ್ಗಕ್ಕೆ ಬೇಸರವಿದೆ. ಸೈಕಲ್ ಸ್ಟ್ಯಾಂಡಿನಲ್ಲಿ ಮಲಗುವಂತಿಲ್ಲ. ಕಂಪ್ಯೂಟರು ಕೋಣೆಗೆ ಕೆಲಸವಿಲ್ಲದೆ ಯಾರೂ ಬರತಕ್ಕದ್ದಲ್ಲ. ಇದಕ್ಕೆ ಸಹಿ ಹಾಕಿದ ಸಾಹೇಬರು ಅವತ್ತು ಮಧ್ಯಾಹ್ನವೇ ಬಂದು ಏಸಿಯ ಕೆಳಗೆ ನಿಂತು ಸಂಗೀತದ ಬಗ್ಗೆ ಮಾತಾಡಿದ್ದರು. ಚಟ್ನಿ ಹೋಯಿತು, ಸೈಕಲ್ ಸ್ಟ್ಯಾಂಡು ಹೋಯಿತು. ಆಯುಧ ಪೂಜೆಯದೊಂದು ಸುತ್ತೋಲೆ ಸಿಕ್ಕಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರವನ್ನು ತಾವೇ ಒರೆಸಿ ಅಣಿಗೊಳಿಸಬೇಕು, ಪೂಜೆಯಾದ ಮೇಲೆ ಕಡ್ಲೆಪುರಿ, ಸಿಹಿ ಹಂಚಲಾಗುವುದು, ಪುರಿಯನ್ನು ಯಂತ್ರಗಳ ಮೇಲೆ ಚೆಲ್ಲಬಾರದು. ಅದನ್ನು ಅಳಿಸಲು ಅವನ ಬೆರಳು ಏಳಲಿಲ್ಲ. ಅದೊಂದಕ್ಕೆ ಜಾಗ ಇರಲಿ ಎಂದು ಬಿಟ್ಟ.

ಇಷ್ಟೆಲ್ಲ ಮುಗಿದು ದೊಡ್ಡ ಪ್ರೋಗ್ರಾಮು ಪೂರ್ತಿ ಬಂದು ಸೇರುವ ಹೊತ್ತಿಗೆ, ಗುಜರಿಯವನು ಬರುವ ದಿನದ ಬೆಳಗಾಗಿತ್ತು. ರವಿಚಂದ್ರ ತಲೆಗೆ ನೀರು ಹಾಕಿಕೊಂಡು ಬಂದು, ಕಂಪೈಲ್ ಮಾಡುವ ಆಜ್ಞೆ ಕೊಟ್ಟ. ಇಂದಿನ ಕಂಪ್ಯೂಟರು ಸೀನುವುದರೊಳಗೆ ಮುಗಿಸುವ ಕೆಲಸ ಅದು. ಬೀರುವಿಗೆ ಅದು ರುಬ್ಬುಗುಂಡಿನಲ್ಲಿ ಮದುವೆಮನೆಯ ಹಿಟ್ಟು ರುಬ್ಬಿದ ಹಾಗೆ. ಒಂದು ಫೈಲಿನ ಹೆಸರು ಪರದೆಯ ಮೇಲೆ ಬಂದರೆ, ಮುಂದಿನ ಹೆಸರು ಬರುವುದರೊಳಗೆ ಧರಣಿ ಒಂದು ಬ್ಲೌಸಿನ ತೋಳು ಹೊಲಿದು ಮುಗಿಸುತ್ತಿದ್ದಳು. ಬೀರು ಗೊಣಗುತ್ತ, ಒಳಗೆ ಏನನ್ನೋ ಕರಕರ ತಿರುವುತ್ತ, ಮೈಯೆಲ್ಲ ಬಿಸಿ ಮಾಡಿಕೊಂಡಿತು. ಹೊರಗೆ ಮೋಡ ಹಾಕಿ ತಣ್ಣಗಿತ್ತು. ಅವ್ವ ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆಸಿಕೊಂಡು ಮೊಣಕಾಲನ್ನು ಅದಕ್ಕೆ ಒರಗಿಸಿದಳು.

ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧವೂ ಆಗಿರಲಿಲ್ಲ. ಸಾಯಂಕಾಲದೊಳಗೆ ಮುಗಿಯುತ್ತದೆ ಅವ್ವ, ಎಂದು ಅವನು ಹೇಳಿದ. ಗುಜರಿಯವನು ಬರುವುದೂ ಸಾಯಂಕಾಲವೇ ಅಲ್ಲವಾ, ಎಂದಳು ಅವ್ವ. ಆಮೇಲೆ ಎಲೆಯ ಚೀಲ ಬಿಚ್ಚಿ, ಎಲೆ ಹಾಕಿಕೊಳ್ಳದೆ ಮತ್ತೆ ಕಟ್ಟಿಟ್ಟಳು.

"ನಾನು ನೇಗ್ಲು ಸೀಳಿದ್ಮೇಲೆ ನಿಮ್ಮಪ್ಪ ಅಬ್ಬ ಕಳೆಯೋಗಂಟ ನನ್ಕೂಟೆ ಮಾತಾಡ್ನಿಲ್ಲ," ಎಂದಳು ಕೊನೆಗೆ. "ಮಾತಾಡಿದ್ಮೇಲೂ ಅದ್ರ ಸುದ್ದಿ ಎತ್ನಿಲ್ಲ. ಬೈದಿದ್ರೆ ಚೆಂದಾಗಿತ್ತು."

ರವಿಚಂದ್ರ ಪರದೆಯನ್ನೇ ನೋಡಿದ. ಹೊಸ ಹೆಸರು ಬಂದಿರಲಿಲ್ಲ.

ಸಂಜೆಯ ಹೊತ್ತಿಗೆ ಏಕಾಂತಯ್ಯನವರು ಗೋಡೆಯ ಬಳಿ ನಿಂತು ಕರೆದರು. ಅವರ ಕಡೆಯ ಕೇಬಲ್ಲು ಬೆಕ್ಕಿನ ಕಾಲಿಗೆ ಸಿಕ್ಕಿ ಕಳಚಿಕೊಂಡಿತ್ತಂತೆ. ಅವನು ಹೋಗಿ ಸಿಕ್ಕಿಸಿ ತಿರುಗುವುದರೊಳಗೆ ಗೇಟಿನ ಹತ್ತಿರ ತಳ್ಳುಗಾಡಿಯ ಸದ್ದು ಕೇಳಿತು. ಗುಜರಿಯವನು ಮಾತಿಗೆ ತಪ್ಪುವವನಲ್ಲ. ಜೊತೆಗೆ ಹಗ್ಗವನ್ನೂ ತಂದಿದ್ದ. ಇನ್ನೊಂದು ಗಳಿಗೆ ತಡಿ ಎಂದು ಹೇಳಲು ರವಿಚಂದ್ರ ಓಡಿ ಬಂದವನು, ಹಾಲ್‌ನ ಬಾಗಿಲಲ್ಲೇ ನಿಂತುಬಿಟ್ಟ.

ಬೀರುವಿನ ನೆತ್ತಿಯ ಮೇಲೆ ಒಂದು ಪಾತ್ರೆ ಇತ್ತು. ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಅವ್ವನ ಹಳೇ ಸೀರೆಯ ತುಂಡು. ಬಿಸಿಗಾಳಿ ಹೊರಬರುವ ಜಾಲರಿಯ ಮೇಲೆ ಸರಿಯಾಗಿ. ಪಾತ್ರೆ ಉರುಳಿದರೆ ಒಳಗೆ ಏನೇನಾಗುತ್ತದೆ ಎಂಬುದು ಅವನ ಕಣ್ಣಮುಂದೆ ಕ್ರಮವಾಗಿ ಬಂತು. ಕೈ ಚಾಚಿದ.

"ಮುಟ್ಬ್ಯಾಡ," ಎಂದಳು ಅವ್ವ. "ಆಲ್ಗೆ ಎಪ್ಪಾಕಿವ್ನಿ. ಅಲ್ಲಾಡಿದ್ರೆ ಕೂರಾಕಿಲ್ಲ."

ಗುಜರಿಯವನು ಹಗ್ಗ ಬಿಚ್ಚುತ್ತ ಬಾಗಿಲಿಗೆ ಬಂದ. ಯಾವುದಮ್ಮ ಎಂದು ಕೇಳಿದ. ಅವ್ವ ಕುರ್ಚಿಯಿಂದ ಏಳದೆ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಇದೇ ಕಣಪ್ಪ. ಆದ್ರೆ ಈಗ ಆಗಾಕಿಲ್ಲ, ಓಗು. ಅದು ಗೇಯ್ತಾ ಅದೆ. ಗೇಯ್ತಿರೋದ್ನ ಎಬ್ಬಿಸಿ ಕಳ್ಸಿದ್ರೆ ಮನೆಗೆ ಒಳ್ಳೇದಲ್ಲ."

ಅವನಿಗೆ ಒಂದು ಲೋಟ ಕಾಫಿ ಕೊಟ್ಟು, ಒಡೆದ ಪ್ಲಾಸ್ಟಿಕ್ ಕುರ್ಚಿ, ಒಂದು ಸೋರುವ ಬಕೆಟ್ಟು ಕೊಟ್ಟು ಕಳಿಸಿದಳು ಧರಣಿ. ಅವಳು ಅತ್ತೆಯ ಮುಖವನ್ನೂ ನೋಡಲಿಲ್ಲ, ಗಂಡನ ಮುಖವನ್ನೂ ನೋಡಲಿಲ್ಲ. ಸೂಜಿಗೆ ದಾರ ಪೋಣಿಸುವುದರಲ್ಲಿ ಬಹಳ ಮಗ್ನಳಾಗಿದ್ದಳು.

ದೀಪ ಹಚ್ಚುವ ಹೊತ್ತಿಗೆ ಕಂಪೈಲ್ ಮುಗಿಯಿತು. ಬೀರು ಏನೂ ಹೇಳದೆ ಸುಮ್ಮನಾಯಿತು. ಆದರೆ ಅದನ್ನು ಆರಿಸುವಂತಿರಲಿಲ್ಲ, ಮೇಲೆ ಹಾಲು ಇತ್ತು. ರಾತ್ರಿಯಿಡೀ ಅದು ಹಾಲ್‌ನಲ್ಲಿ ಗುಂಯ್‌ಗುಡುತ್ತಲೇ ಇತ್ತು.

ಆಯುಧ ಪೂಜೆಯ ಬೆಳಗ್ಗೆ ಸ್ನಾನ ಮಾಡಿ, ಪೂಜೆಗೆ ಮುಂಚೆ ರವಿಚಂದ್ರ ಮೊದಲ ಫೈಲು ಕಳಿಸಿದ. ಏನು ಕಳಿಸಬೇಕೆಂದು ಯೋಚಿಸುವ ಅಗತ್ಯವಿರಲಿಲ್ಲ. ಆ ಸುತ್ತೋಲೆ ಇತ್ತು. ಬೀರು ಅದನ್ನು ಚೂರು ಚೂರಾಗಿ ಕೇಬಲ್ಲಿನಲ್ಲಿ ಬಿಟ್ಟಿತು. ಕನಕಾಂಬರದ ಮೇಲಿಂದ ಅದು ಹಾದುಹೋಯಿತು. ಆಮೇಲೆ ಏಕಾಂತಯ್ಯನವರು ತಮ್ಮ ಕಿಟಕಿಯಲ್ಲಿ ನಿಂತು, ಕನ್ನಡಕ ಸರಿಮಾಡಿಕೊಂಡು, ಬ್ಯಾಂಕಿನ ವಾರ್ಷಿಕ ಸಭೆಯಲ್ಲಿ ಓದುವ ದನಿಯಲ್ಲಿ ಸುತ್ತೋಲೆಯನ್ನು ಪೂರ್ತಿ ಓದಿದರು. ಇಂಗ್ಲಿಷಿನಲ್ಲಿದ್ದದ್ದನ್ನು ಅಲ್ಲಲ್ಲೇ ಕನ್ನಡ ಮಾಡಿದರು. ಪುರಿಯನ್ನು ಯಂತ್ರಗಳ ಮೇಲೆ ಚೆಲ್ಲಬಾರದು ಎನ್ನುವ ಸಾಲು ಬಂದಾಗ ತಡೆದು, ವಿಭೂತಿಯ ಬಗ್ಗೆ ಇದರಲ್ಲಿ ಏನೂ ಹೇಳಿಲ್ಲ ಎಂದು ಸೇರಿಸಿದರು.

ಮುಚ್ಚಿದ ಕಾರ್ಖಾನೆಯ ನೋಟೀಸೊಂದು ಇಷ್ಟು ವರ್ಷದ ಮೇಲೆ ಪಕ್ಕದ ಮನೆ ತಲುಪಿತ್ತು. ರವಿಚಂದ್ರ ಅವ್ವನ ಕಡೆ ತಿರುಗಿ ನೋಡಿದ. ಅವ್ವ ಅತ್ತ ಕಿವಿಗೊಟ್ಟಿರಲಿಲ್ಲ. ತಟ್ಟೆ ಸರಿಸಿ ಪಾತ್ರೆಯೊಳಗೆ ನೋಡುತ್ತಿದ್ದಳು. ಬೆರಳ ತುದಿಯಿಂದ ಮೊಸರಿನ ಕೆನೆಯನ್ನು ಒತ್ತಿ ನೋಡಿದಳು; ಅದು ಅದುರಲಿಲ್ಲ.

"ಕಲ್ಲಂಗೆ ಕುಂತದೆ," ಎಂದಳು. "ಧರಣಿ, ಊವ ತಕ್ಕೊಂಡ್ಬಾ. ಇದ್ಕೂ ಮುಡಿಸು."

ಕುಂಕುಮವನ್ನು ಮುಂದೆ ಮಾತ್ರ ಹಚ್ಚಿದರು, ಹಿಂದೆ ಯಾರೂ ಕೈ ಹಾಕಲಿಲ್ಲ. ಮೂಲೆಯ ವ್ಯಾಜ್ಯವನ್ನು ಧರಣಿ ಅವತ್ತೇ ತೀರಿಸಿದಳು. ಯಾರೂ ಕೂರದೆ ಬರೀ ಒಗೆದ ಬಟ್ಟೆ ಕೂರುತ್ತಿದ್ದ ಸೋಫಾವನ್ನು ಒಳಗಿನ ಕೋಣೆಗೆ ತಳ್ಳಿಸಿ, ಬೀರುವಿನ ಮಗ್ಗುಲಿಗೆ ಅವ್ವನ ಮಂಚ ಹಾಕಿಸಿದಳು. ಕಿಟಕಿ ಇಬ್ಬರಿಗೂ ಸಿಕ್ಕಿತು.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ರವಿಚಂದ್ರ ಬೀರುವಿನ ಸ್ವಿಚ್ಚು ಹಾಕುತ್ತಾನೆ. ಸುಮ್ಮನೆ ಹಚ್ಚಿಟ್ಟರೆ ಅದು ಮೊಸರಿಗೆ ಬೇಕಾದಷ್ಟು ಬಿಸಿಯಾಗುವುದಿಲ್ಲ, ಕೆಲಸ ಕೊಡಬೇಕು ಎಂದು ಅವನ ವಾದ. ಅದಕ್ಕೆ ಕಂಪೈಲ್ ಆದ ಪ್ರೋಗ್ರಾಮನ್ನು ಅಳಿಸಿ, ಅದೇ ಬರಹವನ್ನು ಮತ್ತೆ ಮೊದಲಿನಿಂದ ಕಂಪೈಲ್ ಮಾಡಿಸುತ್ತಾನೆ. ಆಗಿರುವುದನ್ನು ಮತ್ತೆ ಯಾಕ್ರೀ ಮಾಡಿಸ್ತೀರಿ ಎಂದು ಏಕಾಂತಯ್ಯನವರು ಕೇಳಿದರು. ಮಾರನೆಯ ದಿನ ಒಂದು ಬಟ್ಟಲು ಮೊಸರು ಗೋಡೆಯ ಮೇಲಿಂದ ಹೋಯಿತು, ಆಮೇಲೆ ಕೇಳಲಿಲ್ಲ. ಈಗ ಕೇಬಲ್ಲಿನಲ್ಲಿ ಅಪರೂಪಕ್ಕೊಂದು ಫೈಲೂ, ಗೋಡೆಯ ಮೇಲೆ ದಿನಾ ಒಂದು ಬಟ್ಟಲೂ ಹೋಗಿಬರುತ್ತವೆ.

ಒಂದು ದಿನ ಧರಣಿ ಹೊಲಿಯುತ್ತ ಕೂತವಳು, ಮೊದಲು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಇಟ್ಟಾಗಲೂ ಮೊಸರು ಹೀಗೇ ಗಟ್ಟಿಯಾಗಿ ಆ‌ಗುತ್ತಿತ್ತಲ್ಲವಾ ಎಂದಳು. ರವಿಚಂದ್ರನಿಗೂ ಅದು ಹೊಳೆದಿತ್ತು. ಇಲವಾಲದಲ್ಲಿ ಮೂರು ಎಮ್ಮೆ ಕಟ್ಟಿ ಊರಿಗೆಲ್ಲ ಮಜ್ಜಿಗೆ ಕೊಟ್ಟವಳಿಗೆ ಹಾಲು ಹೆಪ್ಪಾಗಿಸಲು ಕಂಪ್ಯೂಟರು ಬೇಕಿರಲಿಲ್ಲ. ಮೆಲ್ಲಗೆ ಹೇಳು, ಎಂದ ಹೆಂಡತಿಗೆ. ಅವ್ವ ಮಂಚದ ಮೇಲೆ ಆ ಕಡೆ ತಿರುಗಿ ರಸ್ತೆ ನೋಡುತ್ತಿದ್ದಳು. ಅವಳ ಕಿವಿ ಇನ್ನೂ ಚುರುಕಾಗಿಯೇ ಇದೆ.

ಮೊನ್ನೆ ಮಧ್ಯಾಹ್ನ ಇಲವಾಲದಿಂದ ನೆಂಟ ಕೃಷ್ಣಪ್ಪ ಅವ್ವನನ್ನು ನೋಡಲು ಬಂದ. ಕಾಫಿ ಕುಡಿಯುತ್ತ, ಬೀರುವಿಗೆ ಹಿಡಿ ಎಲ್ಲಿ ಎಂದು ಹುಡುಕಿ, ಆಮೇಲೆ ರವಿಚಂದ್ರನ ಕಡೆ ತಿರುಗಿ ಈಗ ಏನು ಮಾಡಿಕೊಂಡಿದ್ದೀಯಪ್ಪ ಎಂದು ಕೇಳಿದ. ರವಿಚಂದ್ರ ಎಂದಿನಂತೆ ಗೋಡೆಯ ಕಡೆ ನೋಡಿದ. 'ಹೀಗೇ' ಎನ್ನಲು ಅವನು ಬಾಯಿ ತೆರೆಯುವುದರೊಳಗೆ ಮಂಚದ ಕಡೆಯಿಂದ ಅವ್ವನ ದನಿ ಬಂತು.

"ಅವನ್ಗೆ ಈಗ ಒತ್ತಾಯ್ತು, ಮಾತಾಡಿಸ್ಬ್ಯಾಡ. ಗೇಮೆ ಅದೆ."

ರವಿಚಂದ್ರ ಎದ್ದು ಹೋಗಿ ಸ್ವಿಚ್ಚು ಹಾಕಿದ.